ಒಂದೇ ಪಾಸ್‌ವರ್ಡಿನ ಇಬ್ಬರು ಡಾಕ್ಟರು

ಚಂದ್ರಮೌಳಿಯವರ ಮೇಲೆ ನನಗೆ ಮೊದಲು ಬಂದದ್ದು ಪ್ರೀತಿಯಲ್ಲ, ಕೆಟ್ಟ ಸಿಟ್ಟು. ಮನುಷ್ಯ ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು. ಬನ್ನಿಮಂಟಪದ ಆ ಸೈಬರ್ ಕೆಫೆಯಲ್ಲಿ ಗಡಿಯಾರ ಓಡುತ್ತಿದ್ದರೆ ಇವರು ಹಸುವಿನ ಮೈಮೇಲೆ ಉಣ್ಣೆಹುಳ ಹುಡುಕೋ ಹಾಗೆ ಕೀಬೋರ್ಡಿನ ಮೇಲೆ ಒಂದೊಂದೇ ಅಕ್ಷರ ಹುಡುಕೋರು.

"ಸ್ವಲ್ಪ ಸರೀರಿ, ನಾನು ಹೊಡೀತೀನಿ" ಅಂದೆ.

"ಹೊಡೀರಿ. ಕೀಬೋರ್ಡಿಗೆ ಹೊಡೆದ್ರೆ ಸಾಕು" ಅಂದರು. ಮುಖದಲ್ಲಿ ನಗು ಇರಲಿಲ್ಲ, ಕಣ್ಣಲ್ಲಿ ಇತ್ತು.

ಅದು 2003ರ ಜನವರಿ. ಇಬ್ಬರೂ ಸರ್ಕಾರಿ ಪಶುವೈದ್ಯರು. ನಾನು ಸರ್ವಮಂಗಳಾ, ಉದಯಗಿರಿ ಪಕ್ಕದ ದನದ ಆಸ್ಪತ್ರೆಯಲ್ಲಿದ್ದೆ. ಅವರು ಕೆಸರೆ ಕಡೆ. ಕಾಲೇಜು ಬಿಟ್ಟು ಹತ್ತು ವರ್ಷವಾಗಿತ್ತು. ಆಮೇಲೆ ನಾವು ಓದಿದ್ದೇನಾದರೂ ಇದ್ದರೆ ಔಷಧಿ ಕಂಪನಿಯವರು ಕೊಟ್ಟುಹೋದ ಬಣ್ಣದ ಕಾಗದ ಮಾತ್ರ. ಆಗ ಹೊರದೇಶದ ಒಂದು ಯೂನಿವರ್ಸಿಟಿ, ಕೆಲಸದಲ್ಲಿರೋ ಪಶುವೈದ್ಯರಿಗೇ ಅಂತ ಇಂಟರ್‌ನೆಟ್ಟಿನಲ್ಲಿ ಒಂದು ವರ್ಷದ ಕೋರ್ಸ್ ಶುರುಮಾಡಿತ್ತು. ವಾರಕ್ಕೊಂದು ಪಾಠ. ಜೊತೆಗೆ ನಮ್ಮ ನಮ್ಮ ಕೇಸುಗಳನ್ನು ಬರೆದು ಹಾಕೋಕೆ ಒಂದು ಪುಟ. ಬರೆದರೆ ಅಲ್ಲಿನ ಮೇಷ್ಟ್ರುಗಳು ಉತ್ತರ ಕೊಡೋರು.

ಫೀಸು ಒಬ್ಬರ ಕೈಗೆಟುಕುವ ಹಾಗಿರಲಿಲ್ಲ. ಇಬ್ಬರೂ ಸೇರಿ ಅವರೊಬ್ಬರ ಹೆಸರಲ್ಲಿ ಕಟ್ಟಿದೆವು.

"ಸರ್ಟಿಫಿಕೇಟ್ ನಿಮಗಿರಲಿ, ವಿದ್ಯೆ ನನಗಿರಲಿ" ಅಂದಿದ್ದೆ.

ಪಾಸ್‌ವರ್ಡ್ ಇಟ್ಟವರು ಅವರೇ. ಚಂದ್ರಮಂಗಳ. ನಾನು ಹುಬ್ಬೇರಿಸಿದೆ.

"ನೆನಪಿಟ್ಟುಕೊಳ್ಳೋಕೆ ಸುಲಭ ಅಂತ" ಅಂದು, ಮೌಸ್ ಹಿಡಿದುಕೊಂಡು ಗೋಡೆ ನೋಡಿದರು. ಕಿವಿ ಕೆಂಪಾಗಿತ್ತು.

ಕೆಫೆಯ ಪುಟ್ಟಣ್ಣ ಪ್ರತಿ ಭಾನುವಾರ ನಮಗೆ ಅಂತಲೇ ಮೂಲೆಯ ಕ್ಯಾಬಿನ್ ಇಟ್ಟಿರೋನು. ಒಂದು ಪ್ಲೈವುಡ್ ಗೂಡು, ಎರಡು ಕುರ್ಚಿ, ಮೊಣಕೈಗೆ ಮೊಣಕೈ. ಎಕ್ಸ್‌ರೇ ಚಿತ್ರ ಮೇಲಿಂದ ಕೆಳಗೆ ಗೆರೆಗೆರೆಯಾಗಿ ಇಳಿಯೋದು. ಮೊದಲು ನಾಯಿಯ ತಲೆ, ಹತ್ತು ನಿಮಿಷಕ್ಕೆ ಪಕ್ಕೆಲುಬು. ಆ ಹತ್ತು ನಿಮಿಷದಲ್ಲಿ ನಾವು ಪಾಠ ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಿದ್ದೆವು. ಬಾಲ ಬರೋ ಹೊತ್ತಿಗೆ ಬೇಜಾರಾಗೋದು, ಇಷ್ಟು ಬೇಗ ಬಂತಲ್ಲ ಅಂತ.

ಹಾಗೇ ಒಂದು ಕೆಟ್ಟ ಅಭ್ಯಾಸವೂ ಬೆಳೆಯಿತು. ಉತ್ತರ ಬಂದಿದೆಯಾ ಅಂತ ಅವರು ನೋಡಿರ್ತಾರೆ ಅಂತ ನಾನು. ನಾನು ನೋಡಿರ್ತೀನಿ ಅಂತ ಅವರು. ಇಬ್ಬರು ನೋಡಿಕೊಳ್ಳುವ ಕೆಲಸವನ್ನು ಎಷ್ಟೋ ಸಲ ಒಬ್ಬರೂ ನೋಡುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಬುಧವಾರ ಕೆಸರೆಯಿಂದ ಫೋನ್ ಮಾಡಿದರು.

"ಮಂಗಳಾ ಅವರೇ, ಮುದ್ದಮ್ಮ ಅಂತ, ಅವರ ಎಮ್ಮೆ. ಎರಡು ದಿನದಿಂದ ಜೊಲ್ಲು ಸುರಿಸ್ತಿದೆ. ನೀರು ಗಂಟಲಲ್ಲಿ ಇಳೀತಿಲ್ಲ. ಕೂಗೋ ದನೀನೂ ಒಂಥರಾ ಇದೆ."

"ಮಾವಿನ ಕಾಲ ಅಲ್ವೇನ್ರೀ, ವಾಟೆ ಸಿಕ್ಕಿರುತ್ತೆ. ಕೈ ಹಾಕಿ ನೋಡಿ."

"ಗ್ಲೌಸ್ ಇಲ್ಲ."

"ಗ್ಲೌಸ್ ಯಾವತ್ತು ಇತ್ತು? ಅಂಜುಬುರುಕರು ಕಣ್ರೀ ನೀವು."

ತಮಾಷೆಗೆ ಅಂದದ್ದು. ಅವರು ಕೈ ಹಾಕಿದರು. ಎಮ್ಮೆಯ ನಾಲಿಗೆ ಎಳೆದು ಹಿಡಿದುಕೊಂಡಿದ್ದವಳು ಮುದ್ದಮ್ಮ. ವಾಟೆ ಸಿಗಲಿಲ್ಲ. ಶನಿವಾರ ಎಮ್ಮೆ ಸತ್ತಿತು. ಮಾರನೇ ದಿನ ನಾನು ಅಕ್ಕನ ಸೀಮಂತಕ್ಕೆ ನಂಜನಗೂಡಿಗೆ ಹೋಗಿದ್ದೆ. ಅವರೊಬ್ಬರೇ ಕೆಫೆಗೆ ಹೋಗಿ ಕೇಸ್ ಬರೆದು ಹಾಕಿದರು. ಅದರ ಮುಂದಿನ ಭಾನುವಾರ ಅವರಿಗೆ ಬೆಳಗ್ಗೆ ಲಸಿಕೆ ಕ್ಯಾಂಪು. ಕೆಫೆಗೆ ನಾನೊಬ್ಬಳೇ ಹೋದೆ.

ಅವರ ಕೇಸಿನ ಕೆಳಗೆ ಉತ್ತರ ಬಂದು ಆರು ದಿನವಾಗಿತ್ತು.

ಹುಚ್ಚುನಾಯಿ ರೋಗವೇ ಇರಬೇಕು, ಅಲ್ಲ ಅಂತ ಗೊತ್ತಾಗೋವರೆಗೂ ಹಾಗೆಂದೇ ತಿಳಿಯಿರಿ ಅಂತ ಬರೆದಿತ್ತು. ದನ ಎಮ್ಮೆಗಳಲ್ಲಿ ಅದು ಗಂಟಲಲ್ಲಿ ಏನೋ ಸಿಕ್ಕ ಹಾಗೇ ಕಾಣುತ್ತದೆ, ವೈದ್ಯರು ಮೋಸಹೋಗಿ ಕೈ ಹಾಕುವುದೇ ಹಾಗೆ. ಕೊನೆಯ ಸಾಲು: ಆ ಪ್ರಾಣಿಯ ಬಾಯಿ ಮುಟ್ಟಿದವರೆಲ್ಲರೂ ಇವತ್ತೇ ಆಸ್ಪತ್ರೆಗೆ ಹೋಗಲಿ.

ಎಲ್ಲರೂ ಅಂತ ಬರೆದಿತ್ತು. ನಾನು ಓದಿದೆ. ನನಗೆ ಕಂಡದ್ದು ಒಬ್ಬರೇ.

ಆಟೋದಲ್ಲಿ ಕೆಸರೆಗೆ ಓಡಿದೆ. ಅವರು ಕ್ಯಾಂಪು ಮುಗಿಸಿ ಬಂದು ಕೈ ತೊಳೆಯುತ್ತಿದ್ದರು. ಹೇಳಿದೆ. ಅವರು ಬಲಗೈ ತೋರುಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಎಮ್ಮೆಗೆ ಕೈ ಹಾಕಿದ ದಿನ ಬೆಳಗ್ಗೆ ಔಷಧಿಯ ಆಂಪೂಲ್ ಒಡೆಯುವಾಗ ಗಾಜು ಕೊಯ್ದಿತ್ತಂತೆ. ಈಗ ಗಾಯ ಮಾಯ್ದು ಸಣ್ಣ ಗೆರೆ ಉಳಿದಿತ್ತು.

"ನಾನು ಹೇಳಿದ್ದಕ್ಕೆ ತಾನೇ ನೀವು ಕೈ ಹಾಕಿದ್ದು?"

"ಕೈ ನನ್ನದು ಕಣ್ರೀ" ಅಂದರು.

ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ದಿನ ಎಣಿಸಿದರು. ಹನ್ನೊಂದು. "ತಡವಾಗಿದೆ. ಆದ್ರೂ ಐದು ಡೋಸ್ ತಗೊಳ್ಳಿ. ರೋಗ ಶುರುವಾಗೋಕೆ ಮುಂಚೆ ಮದ್ದು ಗೆಲ್ಲಬೇಕು. ಗೆಲ್ಲುತ್ತೆ ಅಂತ ನಾನು ಬರೆದು ಕೊಡೋಕಾಗಲ್ಲ" ಅಂದರು. ಶುರುವಾದರೆ ಏನು ಅಂತ ಕೇಳುವ ಅಗತ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಸೂಜಿ ಚುಚ್ಚಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಅಳು ತಡೆಯೋಕಾಗಲಿಲ್ಲ.

"ಅಳಬೇಡ ಮಂಗಳಾ" ಅಂದರು. ಅದೇ ಮೊದಲ ಏಕವಚನ. "ಉಳಿದ್ರೆ ನಿಮ್ಮಪ್ಪನ ಹತ್ರ ಬಂದು ಕೇಳ್ತೀನಿ."

"ಉಳೀದಿದ್ರೆ?"

"ಕೋರ್ಸ್ ನೀನೇ ಮುಗಿಸು. ಸರ್ಟಿಫಿಕೇಟ್ ಮಾತ್ರ ಸತ್ತೋನ ಹೆಸರಿಗೆ ಬರುತ್ತೆ, ಏನ್ಮಾಡೋದು."

"ಬಾಯಿ ಮುಚ್ಕೊಳ್ಳಿ" ಅಂದೆ. ಅವರ ಭುಜಕ್ಕೆ ಹಣೆ ಆನಿಸಿದೆ. ಸೂಜಿ ಚುಚ್ಚಿದ ಕಡೆಯೇ ಆನಿಸಿಬಿಟ್ಟಿದ್ದೆ. ಅವರು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು.

ಆಮೇಲಿನ ಎರಡು ವಾರದ ಬಗ್ಗೆ ನಿಜ ಹೇಳಿಬಿಡುತ್ತೇನೆ. ನನ್ನ ಬದುಕಿನಲ್ಲಿ ಅಷ್ಟು ಸುಖ ಅದಕ್ಕೆ ಮುಂಚೆ ಇರಲಿಲ್ಲ, ಆಮೇಲೂ ಬರಲಿಲ್ಲ. ದಿನಾ ಬೆಳಗ್ಗೆ ಡ್ಯೂಟಿಗೆ ಮುಂಚೆ ಅವರ ಮನೆಗೆ ಹೋಗಿ ಒಂದು ಲೋಟ ನೀರು ಕೊಡುತ್ತಿದ್ದೆ. ಆ ರೋಗ ಬಂದವರಿಗೆ ನೀರು ಇಳಿಯೋದಿಲ್ಲ. ಅದಕ್ಕೆ.

"ಕುಡೀರಿ."

ಅವರು ಲೋಟದ ಅಂಚಿನ ಮೇಲಿಂದ ನನ್ನನ್ನೇ ನೋಡುತ್ತಾ, ಬೇಕೂಂತಲೇ ನಿಧಾನವಾಗಿ ಕುಡಿಯೋರು. ನಾನು ಗಂಟಲನ್ನೇ ನೋಡುತ್ತಿದ್ದೆ, ಒಂದೊಂದು ಗುಟುಕೂ ಇಳಿಯೋದನ್ನ.

"ಹೆಣ್ಣು ನೋಡೋಕೆ ಬಂದೋರೂ ಹೀಗೆ ನೋಡಲ್ಲ" ಅನ್ನೋರು.

"ಪೂರ್ತಿ ಕುಡೀರಿ. ತಳದಲ್ಲಿದೆ."

ಖಾಲಿ ಲೋಟವನ್ನು ನನ್ನ ಕೈಗಿಟ್ಟು, ಲೋಟ ಬಿಡದೆ, ಬೆರಳೂ ಬಿಡದೆ ನಿಂತುಬಿಡೋರು. ಅವತ್ತಿನ ದಿನ ಗೆದ್ದ ಹಾಗೆ. ನಾನು ಹಾಡು ಗುನುಗುತ್ತಾ ಉದಯಗಿರಿಗೆ ಹೋಗುತ್ತಿದ್ದೆ. ಕಾಂಪೌಂಡರ್ ಗುರುಸಿದ್ದಯ್ಯ "ಏನ್ ಮೇಡಂ, ವಿಶೇಷ?" ಅಂತ ಕೇಳಿದ್ದೂ ಉಂಟು.

ನಾಲ್ಕನೇ ಡೋಸಿನ ದಿನ ನರ್ಸಮ್ಮ ರಿಜಿಸ್ಟರ್ ತುಂಬುತ್ತಾ ಕೇಳಿದರು, "ನಿಮ್ಮ ಜೊತೆ ಆ ಎಮ್ಮೇನ ಇನ್ಯಾರಾದ್ರೂ ಮುಟ್ಟಿದ್ರಾ ಸಾರ್?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

"ಮುದ್ದಮ್ಮನಿಗೆ ನೀವು ಹೇಳಿರ್ಲಿಲ್ವಾ?" ಅಂದೆ. "ನಿಮ್ಮ ಏರಿಯಾ ಅಲ್ವಾ?"

"ಓದಿದ್ದು ನೀನು" ಅಂದರು. "ಬರೋ ದಾರೀಲೇ ಹೇಳಿ ಬಂದಿರ್ತೀಯ ಅಂತ..."

ಸೀದಾ ಕೆಸರೆಗೆ ಹೋದೆವು.

ಮುದ್ದಮ್ಮ ಜಗಲಿಯ ಮೇಲೆ ಕೂತಿದ್ದಳು. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು. ನಮ್ಮನ್ನು ನೋಡಿ ಮುಖ ಅರಳಿತು.

"ಬನ್ನಿ ಬನ್ನಿ. ಇಬ್ರೂ ಜೋಡೀಲಿ ಬಂದವ್ರೆ. ಸೋಮಿ, ಕಾಪಿ ತಾರವ್ವ."

ಸೊಸೆ ಸೋಮಮ್ಮ ಮೂರು ಲೋಟ ಕಾಫಿ ತಂದಿಟ್ಟಳು. ಮುದ್ದಮ್ಮ ತನ್ನದನ್ನು ಮುಟ್ಟಲಿಲ್ಲ. ಎಡಗೈಯನ್ನು ಉಜ್ಜಿಕೊಳ್ಳುತ್ತಿದ್ದಳು. ಹೆಬ್ಬೆರಳ ಮೇಲೆ ಕುಡುಗೋಲಿನ ಹಳೇ ಗಾಯ.

"ಯಾಕೆ ಕುಡೀತಿಲ್ಲ ಮುದ್ದಮ್ಮ?" ಚಂದ್ರಮೌಳಿಯವರ ದನಿ ನನಗೇ ಗುರುತು ಹತ್ತಲಿಲ್ಲ.

"ನೆನ್ನೆಯಿಂದ ಗಂಟ್ಲಲ್ಲಿ ಏನೋ ಸಿಕ್ಕಂಡಂಗೆ ಆಯ್ತದೆ ಕಣಪ್ಪ. ಕೈಯೂ ಜುಮುಗುಡ್ತದೆ. ಏನಿಲ್ಲ, ಎಮ್ಮೆ ಕಳ್ಕಂಡ ಚಿಂತೆ ಅಷ್ಟೇಯ." ನಮಗೆ ಬೇಜಾರಾಗಬಾರದು ಅಂತ ಲೋಟ ಎತ್ತಿದಳು. ತುಟಿಯ ಹತ್ತಿರ ಬಂದದ್ದೇ ಕುತ್ತಿಗೆ ಸೆಟೆದುಕೊಂಡಿತು. ಲೋಟ ಬಿತ್ತು.

ಸೋಮಮ್ಮ ನೆಲ ಒರೆಸೋಕೆ ಬಟ್ಟೆ ತಂದಳು. ನಮಗಿಬ್ಬರಿಗೂ ಗೊತ್ತಾಗಿಹೋಗಿತ್ತು.

ಅವತ್ತೇ ಆಸ್ಪತ್ರೆಗೆ ಸೇರಿಸಿದೆವು. ಮೂರನೇ ದಿನ ಹೋಗಿಬಿಟ್ಟಳು. ಹೇಗೆ ಹೋದಳು ಅಂತ ಬರೆಯೋದಿಲ್ಲ. ಎಮ್ಮೆಗೆ ಗಂಜಿ ಕುಡಿಸಿದ್ದ ಸೋಮಮ್ಮನಿಗೆ ಸೂಜಿ ಶುರುಮಾಡಿಸಿದೆವು. ಅವಳು ಉಳಿದಳು.

ಚಂದ್ರಮೌಳಿಯವರ ಐದನೇ ಡೋಸೂ ಮುಗಿಯಿತು. ಆ ಹೊತ್ತಿಗೆ ನಾನು ನೀರಿನ ಲೋಟ ಹಿಡಿದುಕೊಂಡು ಹೋಗೋದು ಬಿಟ್ಟಿದ್ದೆ. ಆ ಭಾನುವಾರ ಕೆಫೆಯಲ್ಲಿ ಅವರು ಕಂಪ್ಯೂಟರ್ ಆನ್ ಮಾಡದೆ ಕೂತಿದ್ದರು.

"ಸೋಮಮ್ಮ ನಿನ್ನೆ ನಮ್ಮ ದನದ ಆಸ್ಪತ್ರೆಗೆ ಬಂದು ಕಾಲಿಗೆ ಬಿದ್ದಳು" ಅಂದರು. "ನೀವು ಬರದಿದ್ರೆ ನಮ್ಮನೇಲಿ ಇನ್ನೊಂದು ಹೆಣ ಬೀಳ್ತಿತ್ತು ಅಂದಳು. ಅವಳಿಗೆ ನಿಜ ಹೇಳ್ಬೇಕು ಮಂಗಳಾ."

"ಹೇಳಿದ್ರೆ ಮುದ್ದಮ್ಮ ಎದ್ದು ಬರ್ತಾಳಾ?" ನನಗೆ ಸಿಟ್ಟು ಬಂತು. ಹೆದರಿದರೆ ನನಗೆ ಸಿಟ್ಟೇ ಬರೋದು. "ಆ ಮನೆ ಗಂಡಸರು ನಿಮ್ಮನ್ನ ಸುಮ್ನೆ ಬಿಡ್ತಾರಾ? ಕೆಲಸ ಹೋಗುತ್ತೆ. ಈಗ ತಾನೇ ನೀವು ಸಿಕ್ಕಿದ್ದೀರಿ ನನಗೆ. ಮತ್ತೆ ಕಳ್ಕೊಳ್ಳೋಕೆ ನನ್ನ ಕೈಲಾಗಲ್ಲ."

"ಇದನ್ನ ಹೊಟ್ಟೇಲಿಟ್ಕೊಂಡು ನಿನಗೆ ತಾಳಿ ಕಟ್ಟೋಕೆ ನನ್ನ ಕೈಲಾಗಲ್ಲ" ಅಂದರು.

ಕೋಪ ಮಾಡಿಕೊಂಡು ಹೇಳಲಿಲ್ಲ. ತಲೆ ತಗ್ಗಿಸಿ, ಆ ಗಾಯದ ಗೆರೆ ಸವರುತ್ತಾ ಹೇಳಿದರು.

"ನಡೀರಿ" ಅಂದೆ. "ಹೇಳೋದು ನಾನು. ಆ ಸಾಲು ಓದಿದವಳು ನಾನು."

ಸೋಮಮ್ಮ ಹಿತ್ತಲಲ್ಲಿ ಸೌದೆ ಒಟ್ಟುತ್ತಿದ್ದಳು. ಎಲ್ಲ ಹೇಳಿದೆ. ಕಂಪ್ಯೂಟರಿನಲ್ಲಿ ಬರೆದಿದ್ದ ಮಾತು, ಅದು ಆರು ದಿನ ಹಾಗೇ ಬಿದ್ದಿದ್ದದ್ದು, ಅವರು ಹೇಳಿರ್ತಾರೆ ಅಂತ ನಾನು, ನಾನು ಹೇಳಿರ್ತೀನಿ ಅಂತ ಅವರು. ಅವತ್ತೇ ಬಂದಿದ್ದರೆ ಮುದ್ದಮ್ಮ ಬಹುಶಃ ಇರುತ್ತಿದ್ದಳು ಅನ್ನೋದನ್ನೂ ಹೇಳಿದೆ. ಚಂದ್ರಮೌಳಿ ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು, ಹೊಡೆದರೆ ಹೊಡೆಸಿಕೊಳ್ಳೋಕೆ.

ಸೋಮಮ್ಮ ಕಿರುಚಲಿಲ್ಲ. ಗಂಡನನ್ನೂ ಕೂಗಲಿಲ್ಲ.

"ಆ ಭಾನ್ವಾರ ನಿಮ್ಗೆ ಗೊತ್ತಾಯ್ತು" ಅಂದಳು.

"ಹೂಂ."

"ಬಂದಿದ್ದು ಎಲ್ಡು ವಾರ ಬುಟ್ಟು."

"ಹೂಂ."

"ಆ ಎಲ್ಡು ವಾರ ಏನ್ ಮಾಡ್ತಿದ್ರಿ ಡಾಕ್ಟ್ರಮ್ಮ?"

ಅವಳಿಗೆ ನಿಜವಾಗಲೂ ಗೊತ್ತಾಗಬೇಕಿತ್ತು. ಸುಳ್ಳು ಹುಡುಕಿದೆ, ಒಂದೂ ಸಿಗಲಿಲ್ಲ.

"ಇವರೊಬ್ಬರು ಉಳಿದ್ರೆ ಸಾಕು ಅಂತಿದ್ದೆ ಕಣಮ್ಮ" ಅಂದೆ. "ಬೇರೆ ಯಾರೂ ಕಣ್ಣಿಗೆ ಬೀಳಲಿಲ್ಲ."

ಅವಳು ಚಂದ್ರಮೌಳಿಯವರನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು.

"ಉಳ್ಕಂಡ್ರಲ್ಲ" ಅಂದಳು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ರಸ್ತೆಗೆ ಬಂದೆವು. ಅವರು ನನ್ನ ಕೈ ಹಿಡಿದುಕೊಂಡರು. ಹಾಡಹಗಲು, ಬೀದಿಯಲ್ಲಿ, ಎಲ್ಲರೆದುರಿಗೆ, ಅದೇ ಮೊದಲು. ಬಿಡಿಸಿಕೊಳ್ಳಬೇಕು ಅನ್ನಿಸಿತು. ಬಿಡಿಸಿಕೊಳ್ಳಲಿಲ್ಲ. ಬಸ್ ಸ್ಟಾಪಿನವರೆಗೂ ಹಾಗೇ ನಡೆದೆವು.