ಎರಡು ಬೆರಳು ಗಿಡ್ಡವಾದ ಲಾಳಿಕೆ

ಕುಪ್ಪಿ ಸಿಡಿದ ಸದ್ದು ಲಿಂಗಸುಗೂರಿನ ಸಂತೆ ಬಯಲಿನವರೆಗೂ ಕೇಳಿತು. ಸಬ್ ಇನ್‌ಸ್ಪೆಕ್ಟರ್ ಅಮರಗುಂಡಪ್ಪ ಶಾಲೆಗೆ ಬರುವಷ್ಟರಲ್ಲಿ ಮರಿಸ್ವಾಮಿ ಮಾಸ್ತರರನ್ನು ಬಂಡಿಯಲ್ಲಿ ದವಾಖಾನೆಗೆ ಒಯ್ದಾಗಿತ್ತು. ಮೇಜಿನ ತುಂಬ ಗಾಜಿನ ಚೂರು. ಗೋಡೆಯ ಮೇಲೆ ತೇಜಾಬಿನ, ಅಂದರೆ ಆಮ್ಲದ, ಕಲೆ.

೧೯೫೪ರ ಬೇಸಿಗೆ. ಸಿಂಧನೂರು, ಮಸ್ಕಿ ಕಡೆಯ ವಿಜ್ಞಾನದ ಮಾಸ್ತರರಿಗೆ ಅನಿಲಗಳ ಪ್ರಯೋಗ ಕಲಿಸುವ ಶಿಬಿರ. ಪುಸ್ತಕ ಓದಿ ಹೇಳಿದ್ದು ಸಾಕು, ಮಕ್ಕಳ ಕಣ್ಣೆದುರು ಮಾಡಿ ತೋರಿಸಿ ಎಂಬುದು ಶಿಬಿರ ನಡೆಸುವ ಮರಿಸ್ವಾಮಿಯವರ ಹಟ. ಎರಡನೆಯ ದಿನ ಜಲಜನಕದ ಪಾಠ. ಸತುವಿನ ಚೂರಿನ ಮೇಲೆ ಲಾಳಿಕೆಯಿಂದ ತೇಜಾಬು ಸುರಿದರು. ಬಂದ ಅನಿಲವನ್ನು ಪರೀಕ್ಷಿಸಿದರು, ಸರಿಯಿತ್ತು. ಐದು ನಿಮಿಷ ಮಾತಾಡಿ, ಕೊಳವೆಯ ತುದಿಗೆ ಕಡ್ಡಿ ಹಿಡಿದರು. ಅಷ್ಟೇ.

ಹೆಡ್‌ಮಾಸ್ತರರು ಅಪರಾಧಿಯನ್ನು ಸಿದ್ಧಮಾಡಿಯೇ ಇಟ್ಟಿದ್ದರು.

"ಇವನ ರೀ, ಇಮಾಮ್‌ಸಾಬ್. ಗಾಜಿನ ಸಾಮಾನು ತೊಳಿಯೋ ಜವಾನ. ಲಾಳಿಕಿ ಕಾಲು ಮುರುದು ಸುಮ್ನ ಇಟ್ಟಾನ. ಒಳಗ ಹಾಕ್ರಿ."

ಮುದುಕ ಇಮಾಮ್‌ಸಾಬ್ ತಲೆ ಎತ್ತಲಿಲ್ಲ. "ನಾನ ಒಡದಿರಬೇಕ್ರಿ ಸಾಹೇಬ್ರ. ತೊಳದಾಂವ ನಾನ. ನನ್ನ ಕೈಯಿಂದ ಮಾಸ್ತರ ಕಣ್ಣು ಹೋದುವು."

"ಒಡದದ್ದು ನೆಪ್ಪೈತೇನು?"

"ಇಲ್ರಿ. ಆದ್ರ ಮತ್ಯಾರು ಮುಟ್ಟತಾರ?"

ಕೇಳುವ ಮೊದಲೇ ಒಪ್ಪಿಕೊಳ್ಳುವವರನ್ನು ಕಂಡರೆ ಅಮರಗುಂಡಪ್ಪನಿಗೆ ಗುಮಾನಿ. ಅವನ ನೌಕರಿಯಲ್ಲಿ ನಿಜವಾದ ಕಳ್ಳ ಒಬ್ಬನೂ ಅಷ್ಟು ಸಲೀಸಾಗಿ ಬಾಯಿ ಬಿಟ್ಟಿರಲಿಲ್ಲ. ಮೂಲೆಯ ಗೋಣಿಚೀಲಗಳ ಮೇಲೆ ಲಾಳಿಕೆ ಬಿರಡೆ ಸಮೇತ ಹಾರಿ ಬಿದ್ದಿತ್ತು. ಅದರ ಉದ್ದ ಕಾಲಿನ ತುದಿಯ ಮೇಲೆ ಬೆರಳಾಡಿಸಿದ. ಒಡೆದ ಬಳೆ ಕೂಡ ಕೈ ಕೊಯ್ಯುತ್ತದೆ. ಇದು ಕೊಯ್ಯಲಿಲ್ಲ.

*

ಮರಿಸ್ವಾಮಿಯವರ ಎರಡೂ ಕಣ್ಣಿಗೆ ಪಟ್ಟಿ. ಬಲಗಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಆಗಲೇ ಹೇಳಿದ್ದರು. ಅಮರಗುಂಡಪ್ಪ ಲಾಳಿಕೆಯನ್ನು ಅವರ ಕೈಗಿಟ್ಟ.

"ಎರಡು ಬೆರಳು ಗಿಡ್ಡ ಆಗೇತಿ," ಎಂದರು ತಡವುತ್ತ. "ಇದರ ಕಾಲು ತೇಜಾಬಿನಾಗ ಮುಳುಗಿರಬೇಕ್ರಿ. ಮುಳುಗದಿದ್ರ, ಪರೀಕ್ಷೆ ಆದಮ್ಯಾಲ ಅನಿಲ ಕಡಿಮಿ ಆಗ್ತಿದ್ದಂಗ ಹೊರಗಿನ ಗಾಳಿ ಒಳಗ ಸೇರತೈತಿ. ಗಾಳಿ ಕೂಡಿದ ಜಲಜನಕಕ್ಕ ಬೆಂಕಿ ತಾಗಿದ್ರ ಕುಪ್ಪಿ ಉಳಿಯಂಗಿಲ್ಲ."

"ತೊಳಿಯೋವಾಗ ಮುರದಿರಬಹುದೇನು?"

"ತೊಳದಮ್ಯಾಲ ನಿನ್ನೆ ಸಂಜಿ ನಾನ ಜೋಡಿಸಿ ಬಟ್ಟಿ ಮುಚ್ಚೀನಿ. ಆಗ ಸರಿ ಇತ್ತು." ತುದಿಗೆ ಬೆರಳು ಬಂದಾಗ ಮಾಸ್ತರರು ಕೈ ನಿಲ್ಲಿಸಿದರು. "ಇದು ಮುರದದ್ದಲ್ಲ. ಅರದಿಂದ ಗೀರಿ ಕೊಯ್ದಾರ. ಆಮ್ಯಾಲ ದೀಪಕ್ಕ ಹಿಡದು ನುಣ್ಣಗ ಮಾಡ್ಯಾರ. ಕೈ ಕೊಯ್ಯಬಾರದಂತ ನಾವು ಹಂಗ ಮಾಡ್ತೀವಿ."

"ನಾವು ಅಂದ್ರ?"

"ಗಾಜಿನ ಕೆಲಸ ಕಲಿತವರು. ಶಿಬಿರದಾಗ ಆ ಪಾಠ ನಾಕನೇ ದಿನಕ್ಕಿತ್ತು. ಇನ್ನೂ ಯಾರಿಗೂ ಹೇಳಿಲ್ರಿ."

ಅಮರಗುಂಡಪ್ಪ ಎದ್ದ. ಮಾಸ್ತರರು ಅವನ ತೋಳು ಹಿಡಿದರು. "ಇಮಾಮ್‌ಸಾಬ್‌ಗ ಹೇಳ್ರಿ, ಅವನ ಕೈ ಅಲ್ಲ ಅಂತ. ಅಂವ ತಾನ ಮಾಡ್ಯಾನಂತ ತಿಳಕೊಂಡಿರತಾನ."

*

ಹಿಂದಿನ ರಾತ್ರಿ ಶಾಲೆಯಲ್ಲೇ ಉಳಿದವರು ಮೂವರು: ಮಸ್ಕಿಯ ಶೇಕ್ಷಾವಲಿ, ಜವಳಗೇರಾದ ಬುಡ್ಡೇಸಾಬ್, ಸಿಂಧನೂರಿನ ಆದೆಪ್ಪ. ಮೂವರೂ ಮಾಸ್ತರರೇ. ಅಮರಗುಂಡಪ್ಪ ಅವರ ಮುಂದೆ ಗಾಜಿನ ಕೊಳವೆ, ಅರ ಇಟ್ಟ. ಸ್ಪಿರಿಟ್ ದೀಪ ಉರಿಯುತ್ತಿತ್ತು.

"ಎಲ್ಲಾ ಮತ್ತ ಜೋಡಿಸಿ ನೋಡಬೇಕು. ಗೇಣುದ್ದದ ತುಂಡು ಮಾಡಿಕೊಡ್ರಿ."

ಶೇಕ್ಷಾವಲಿ ಅಡ್ಡಾದಿಡ್ಡಿ ಮುರಿದು ಹೆಬ್ಬೆರಳು ಕೊಯ್ದುಕೊಂಡ. ಬುಡ್ಡೇಸಾಬನ ಕೊಳವೆ ಚೂರುಚೂರಾಯಿತು.

"ನನಗೂ ಬರಂಗಿಲ್ರಿ," ಎಂದ ಆದೆಪ್ಪ. ಗೀರಿದ, ಬೇಕಂತಲೇ ಸೊಟ್ಟಗೆ ಮುರಿದ.

"ಬೆಳಿಗ್ಗೆ ಎಲ್ಲಿ ಕುಂತಿದ್ರಿ?" ಅಮರಗುಂಡಪ್ಪ ಸುಮ್ಮನೆ ಕೇಳಿದ.

"ಬಾಗಿಲ ಹತ್ರ."

"ಮೊದಲನೇ ದಿನ?"

"ಮುಂದ. ಮೇಜಿನ ಹತ್ರ." ಉತ್ತರ ಕೊಡುತ್ತಲೇ ಆದೆಪ್ಪನ ಕೈ ಕೊಳವೆಯ ತುದಿಯನ್ನು ದೀಪಕ್ಕೆ ಹಿಡಿಯಿತು. ಎರಡು ಬೆರಳ ನಡುವೆ ಮೆಲ್ಲಗೆ ತಿರುಗಿಸತೊಡಗಿತು.

"ಕಾಸ್ರಿ ಅಂತ ನಾ ಹೇಳಿಲ್ಲ, ಆದೆಪ್ಪನೋರ."

ಕೈ ನಿಂತಿತು.

"ಲಾಳಿಕಿ ಕಾಲನ್ನೂ ಹಿಂಗ ಕಾಸ್ಯಾರ. ಜವಾನ ಒಡದಿದ್ರ ತುದಿ ಚೂಪಿರತಿತ್ತು. ಇವರಿಬ್ಬರಿಗೆ ಕೊಯ್ಯಾಕ ಬರಂಗಿಲ್ಲ. ನಿಮಗ ಬರತೈತಿ, ಬರಂಗಿಲ್ಲಂತ ಸುಳ್ಳ ಹೇಳಿದ್ರಿ."

ಆದೆಪ್ಪ ಬೆಂಚಿನ ಮೇಲೆ ಕುಸಿದ. "ಹೈದರಾಬಾದಿನಾಗ ಎರಡು ವರ್ಷ ಕಲ್ತೀನ್ರಿ. ಶಿಬಿರ ನಡಸೋದು ನನಗ ಬರಬೇಕಿತ್ತು. ನನಗಿಂತ ಸಣ್ಣಾಂವನ ಮುಂದ ಶಿಷ್ಯನ್ನ ಮಾಡಿ ಕುಂದ್ರಿಸಿದ್ರು. ಅನಿಲ ಬರಬಾರದು, ನಾಕು ಮಂದಿ ನಗಬೇಕು. ಅಷ್ಟ ಇತ್ತು ಮನಸಿನಾಗ."

"ನಗೋದು ನೋಡಬೇಕಂದಾಂವ ಮುಂದ ಕುಂದ್ರತಾನ. ನೀವು ಬಾಗಿಲ ಹತ್ರ ಕುಂತ್ರಿ. ಸಿಡಿತೈತಿ ಅಂತ ನಿಮಗ ಗೊತ್ತಿತ್ತು."

ಆದೆಪ್ಪ ಕೈಯಲ್ಲಿದ್ದ ಕೊಳವೆಯನ್ನು ಮೇಜಿನ ಮೇಲಿಟ್ಟ. ಅವನ ಮೇಲೆ ಅಮರಗುಂಡಪ್ಪನಿಗೆ ಅಸಹ್ಯ ಹುಟ್ಟಿತು.

*

ಠಾಣೆಯ ಕಟ್ಟೆಯ ಮೇಲೆ ಇಮಾಮ್‌ಸಾಬ್ ಬೆಳಗಿನಿಂದ ನೀರು ಕೂಡ ಮುಟ್ಟದೆ ಕೂತಿದ್ದ.

"ನಿನ್ನ ಕೈ ಅಲ್ಲಂತ," ಎಂದ ಅಮರಗುಂಡಪ್ಪ. " ಮಾಸ್ತರು ಹೇಳಿ ಕಳಿಸ್ಯಾರ. ಮಾಡಿದಾಂವ ಒಳಗ ಕುಂತಾನ."

ಮುದುಕ ಬಹಳ ಹೊತ್ತು ಅತ್ತ. ಆಮೇಲೆ ಕೇಳಿದ, "ಕಣ್ಣು?"

"ಒಂದು ಉಳಿಬಹುದು."

ಇಮಾಮ್‌ಸಾಬ್ ಮುಖ ಒರೆಸಿಕೊಂಡು ಎದ್ದ. "ದವಾಖಾನೀಗೆ ಹೋಗ್ತೀನ್ರಿ. ಬೆಳಗಿಂದ ಅವರಿಗೆ ಮುಖ ತೋರ್ಸೋ ಧೈರ್ಯ ಇರಲಿಲ್ಲ."