ಸೋಮವಾರವೇ ಕೆಡುವ ಆಟ

ಎರಡನೇ ರೊಟ್ಟಿ ಹಂಚಿನ ಮೇಲಿತ್ತು. ನೀರು ಸವರಬೇಕು ಎನ್ನುವಷ್ಟರಲ್ಲಿ ಒಳಕೋಣೆಯಿಂದ ಹೀನಾ ಕೂಗಿದಳು.

"ಅಮ್ಮೀ, ಆಟ ಮತ್ತ ಹೋಗೇತಿ!"

ಒದ್ದೆ ಬಟ್ಟೆ ಹಿಡಿದೇ ಓಡಿದೆ. ಕಂಪ್ಯೂಟರು ಚಾಲೂ ಇತ್ತು. ಹೀನಾ ಸಾಲಿಯ ಸಮವಸ್ತ್ರ ತೊಟ್ಟು, ಒಂದು ಜಡೆ ಹೆಣೆದು ಇನ್ನೊಂದು ಬಿಟ್ಟು ನಿಂತಿದ್ದಳು. ಆಟದ ಚಿತ್ರ ಒತ್ತಿದೆ. ಕಡತವೇ ಇಲ್ಲ ಎಂದು ಬಂತು.

"ನಿನ್ನೆ ಇತ್ತಲ್ಲ?"

"ಇತ್ತು."

"ಯಾರರ ಮುಟ್ಟಿದ್ರೇನು?"

"ಗೊತ್ತಿಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಸುಟ್ಟಿತು.

ಹೀನಾಳ ಅಬ್ಬಾ ಶಾಹೀದ ಮತ್ತು ನಾನು ಬೇರೆಯಾಗಿ ಒಂದೂವರೆ ವರ್ಷವಾಗಿತ್ತು. ಅವರದು ನರಗುಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಮೊದಲು ಅಲ್ಲೇ ಕೂತು ನಾನು ಲಗ್ನಪತ್ರಿಕೆ ಟೈಪು ಮಾಡುತ್ತಿದ್ದೆ. ಈಗ ಗಜೇಂದ್ರಗಡದ ತವರಿನಲ್ಲಿ ಸೀರೆಗೆ ಕುಚ್ಚು ಕಟ್ಟುತ್ತೇನೆ.

ಆ ವರ್ಷ, ಅಂದರೆ ೨೦೦೭ರ ಬೇಸಿಗೆಯಲ್ಲಿ, ಅವರು ಮಗಳಿಗೆ ಹಳೆಯ ಕಂಪ್ಯೂಟರು ತಂದುಕೊಟ್ಟಿದ್ದರು. ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದರು. "ಇದಕ್ಕ ವೈರಸ್ ಬರಂಗಿಲ್ಲ. ಕೆಡಂಗಿಲ್ಲ," ಎಂದಿದ್ದರು. ಆದರೆ ಹೀನಾಳಿಗೆ ಬೇಕಾದದ್ದು ಒಂದೇ ಆಟ. ಮನೆ, ರಸ್ತೆ, ಕೆರೆ ಹಾಕಿ ಊರು ಕಟ್ಟುವ ಆಟ. ಅದು ವಿಂಡೋಸಿನದು. ಲಿನಕ್ಸಿನಲ್ಲಿ ಓಡಬೇಕಾದರೆ ನಡುವೆ ದುಭಾಷಿಯಂತೆ ಇನ್ನೊಂದು ತಂತ್ರಾಂಶ ಬೇಕು. ಅದರ ಹೆಸರು ವೈನ್. ಇಡೀ ಮಷೀನಿನಲ್ಲಿ ಪದೇಪದೇ ಹೋಗುತ್ತಿದ್ದದ್ದು ಈ ಆಟ ಒಂದೇ.

ಶಾಹೀದರಿಗೆ ಫೋನು ಮಾಡಿದೆ.

"ನಾಕನೇ ಸಲ ಆತು ನಿಲೋಫರ. ಇವತ್ತ ಅಂಗಡಿ ಸೂಟಿ, ಸಂಜಿ ಬರ್ತೀನಿ. ಆದ್ರ ಅಲ್ಲಿ ಕೂತು ಮಾಡಂಗಿಲ್ಲ. ಮಷೀನನ ಒಯ್ತೀನಿ."

"ಮತ್ತ ಯಾವಾಗ ತರ್ತೀರಿ?"

"ಕಂಡಕ್ಟರ ಕೈಯಾಗ ಕಳಸ್ತೀನಿ, ತಗೋ."

ಹೀನಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳ ಮುಖ ಬಿಳಿಚಿತು. ಅಬ್ಬಾ ಈ ಮನೆಯ ಹೊಸ್ತಿಲು ತುಳಿಯುವುದು ಈ ಮಷೀನಿನ ನೆಪದಿಂದ ಮಾತ್ರ. ಅದು ಹೋದರೆ ಅವರು ಬರುವುದೂ ಹೋಗುತ್ತದೆ. ಕಡತವೇ ಇಲ್ಲವೆಂದರೆ ಯಾರೋ ಕೈಯಾಡಿಸಿರಬೇಕು. ಆ ಕೈ ಯಾರದೆಂದು ಸಂಜೆಯೊಳಗೆ ಹಿಡಿದರೆ, ಒಯ್ಯುವ ಪ್ರಸಂಗವೇ ಬರಲಿಕ್ಕಿಲ್ಲ.

ಇನ್ನೊಂದು ಜಡೆ ಹೆಣೆದು ಅವಳನ್ನು ಸಾಲಿಗೆ ಕಳಿಸಿದೆ.

* * *

ಮೊದಲ ಅನುಮಾನ ನನ್ನ ತಾಯಿಯ ಮೇಲೆಯೇ. ಅಮ್ಮ ಖತೀಜಾಬಿಗೆ ಶಾಹೀದರ ಮೇಲೆ ಸಿಟ್ಟು, ಅವರ ಮಷೀನಿನ ಮೇಲೆ ಇನ್ನೂ ಸಿಟ್ಟು. ವೈನಿನ ಗುರುತು ಕೆಂಪು ಶರಾಬು ತುಂಬಿದ ಗ್ಲಾಸು. ಅದನ್ನು ತೆರೆಯ ಮೇಲೆ ಕಂಡ ದಿನ ದೊಡ್ಡ ರಂಪವಾಗಿತ್ತು.

ಅಮ್ಮ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಅಮ್ಮಾ, ಕಂಪ್ಯೂಟರ ಮುಟ್ಟಿದ್ದೇನು?"

"ಮುಟ್ಟಿದ್ದೆ."

ಮೊರದ ಪಕ್ಕ ಕೂತೆ.

"ಏನ ಮಾಡಿದಿ?"

"ನಮಾಜಿನ ಹೊತ್ತಿಗೆ ಅದರ ಮಾರಿ ಮ್ಯಾಲೆ ಬಟ್ಟಿ ಹೊಚ್ಚೀನಿ. ಶರಾಬಿನ ಗ್ಲಾಸ ಇಟ್ಕೊಂಡು ನನ್ನ ಮಾರಿ ನೋಡ್ತೈತಿ, ಬೇಶರಮ!"

"ಗುಂಡಿ ಒತ್ತಿದ್ದೇನು?"

"ಸೂಜ್ಯಾಗ ದಾರ ಹಾಕಾಕ ನಿನ್ನ ಕರೀತೀನಿ. ಆ ಕಾಳಿನಂಥ ಅಕ್ಷರ ನನಗ ಕಾಣ್ತಾವೇನು?"

ನಗು ಬಂತು. ಅಮ್ಮನಿಗೆ ಇಂಗ್ಲಿಷಿನ ಒಂದಕ್ಷರವೂ ಬಾರದು. ಅವಳಾಗಿದ್ದರೆ ವೈರು ಕಿತ್ತೆಸೆಯುತ್ತಿದ್ದಳು. ಉಳಿದದ್ದೆಲ್ಲ ಬಿಟ್ಟು ಒಂದೇ ಆಟ ಆರಿಸಿ ತೆಗೆಯುವ ನಾಜೂಕು ಅವಳದಲ್ಲ.

* * *

ಎರಡನೆಯವಳು ಪಕ್ಕದ ಮನೆಯ ಅನ್ನಪೂರ್ಣೇಶ್ವರಿ. ಹೆಸರು ಉದ್ದ, ಹುಡುಗಿ ಗಿಡ್ಡ. ಹೀನಾಳ ಒಬ್ಬಳೇ ಗೆಳತಿ. ಹೋದ ವಾರ ಆಟದಲ್ಲಿ ಜಗಳವಾಗಿ "ನಿನ್ನ ಊರು ಸುಡ್ಲಿ" ಎಂದು ಬೈದು ಹೋಗಿದ್ದಳು.

ಅವಳ ತಾಯಿ ಚನ್ನವ್ವ ಬಟ್ಟೆ ಒಗೆಯುತ್ತಿದ್ದಳು.

"ಅನ್ನಪೂರ್ಣೇಶ್ವರಿ ಎಲ್ಲಿ ಚನ್ನವ್ವಾ?"

"ಶನಿವಾರ ರಾಜೂರಿಗೆ ಹೋಗ್ಯಾಳ್ರೀ, ಸ್ವಾದರತ್ತಿ ಮನಿಗೆ. ನಾಳೆ ಬರ್ತಾಳ. ಯಾಕ್ರಿ, ಮತ್ತೇನ ಮಾಡ್ಯಾಳ?"

"ಏನಿಲ್ಲ. ಹೀನಾ ಒಬ್ಬಾಕಿನ ಆಗ್ಯಾಳ, ಅದಕ್ಕ ಕೇಳಿದೆ."

"ಹೌದ್ರಿ, ನಿನ್ನೆ ಕಟ್ಟಿ ಮ್ಯಾಲೆ ಕೂತು ಬಸ್ಸು ಎಣಸಾಕತ್ತಿತ್ತು ಕೂಸು," ಎಂದಳು ಚನ್ನವ್ವ.

ಆ ಮಾತು ತಲೆಯಲ್ಲಿಟ್ಟುಕೊಂಡೇ ಮನೆಗೆ ಬಂದೆ.

* * *

ಕೆಲಸ ಬದಿಗಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಲಿನಕ್ಸಿನಲ್ಲಿ ಆಜ್ಞೆ ಟೈಪು ಮಾಡುವ ಒಂದು ಕಪ್ಪು ಕಿಟಕಿ ಇರುತ್ತದೆ. ಅಲ್ಲಿ ಮೇಲ್ಮುಖದ ಬಾಣ ಒತ್ತಿದರೆ ಹಿಂದೆ ಟೈಪು ಮಾಡಿದ್ದು ಒಂದೊಂದಾಗಿ ಮರಳಿ ಬರುತ್ತದೆ. ಅಂಗಡಿಯಲ್ಲಿದ್ದಾಗ ಶಾಹೀದರೇ ಕಲಿಸಿದ್ದರು.

ಒತ್ತಿದೆ. ಮೊದಲು ಬಂದದ್ದು, ಆಟವನ್ನು ಅಳಿಸಿದ ಆಜ್ಞೆ. ಹಾಗಾದರೆ ಆಟ ತಾನಾಗಿ ಕೆಟ್ಟದ್ದಲ್ಲ.

ಮತ್ತೆ ಒತ್ತಿದೆ. ಅಳಿಸಿದವರು ಯಾರೋ, ಅದಕ್ಕೂ ಮೊದಲು ಇನ್ನೊಂದು ಆಜ್ಞೆ ಕೊಟ್ಟಿದ್ದರು. ಹೀನಾ ಕಟ್ಟಿದ ಊರನ್ನು ನಕಲು ಮಾಡಿ, ಯಾರೂ ತೆರೆಯದ ನನ್ನ ಹಳೆಯ ಲಗ್ನಪತ್ರಿಕೆಗಳ ನಡುವೆ ಇಟ್ಟಿದ್ದರು.

ಕಳ್ಳತನಕ್ಕೆ ಬಂದವರು ಸೀರೆ ಮಡಚಿಟ್ಟು ಹೋಗುತ್ತಾರೆಯೇ?

ಆಗ ಇನ್ನೊಂದು ನೆನಪಾಯಿತು. ಹಿಂದಿನ ಎರಡು ಸಲ ಆಟ ಮತ್ತೆ ಹಾಕಿಸಿದಾಗ ಮರುದಿನ ಆ ಊರು ತಾನಾಗಿ ವಾಪಸ್ ಬಂದಿತ್ತು. ಶಾಹೀದ ಅದನ್ನು ನಸೀಬು ಎಂದಿದ್ದರು.

ಎದ್ದು, ಆಟ ಹೋದ ದಿನಗಳು ಯಾವ ವಾರ ಎಂದು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ನೋಡಿದೆ. ಆಮೇಲೆ ಬಹಳ ಹೊತ್ತು ಕುಚ್ಚು ಕಟ್ಟಲು ಕೈ ಏಳಲಿಲ್ಲ.

* * *

ಐದು ಗಂಟೆಗೆ ರೋಣದ ಕಡೆಯಿಂದ ಬಂದ ಬಸ್ಸಿನಲ್ಲಿ ಶಾಹೀದ ಇಳಿದರು. ಕೈಯಲ್ಲಿ ಗೋಣಿಚೀಲ, ಹಗ್ಗ. ಅಮ್ಮ ಸಲಾಮು ಹೇಳಿ ಅಡುಗೆಮನೆ ಸೇರಿದಳು. ಅವರು ಚಹಾ ಕುಡಿಯಲಿಲ್ಲ, ನೇರ ವೈರು ಬಿಚ್ಚತೊಡಗಿದರು. ಹೀನಾ ಮೇಜಿನ ಕಾಲು ಹಿಡಿದು ಕೂತಳು.

"ಒಯ್ಯಬ್ಯಾಡ್ರಿ. ಮಷೀನ ಕೆಟ್ಟಿಲ್ಲ. ಕೆಡಿಸಿದವರು ಸಿಕ್ಕಾರ," ಎಂದೆ.

"ಯಾರು? ನಿಮ್ಮ ಅಮ್ಮಾ?"

"ಅಲ್ಲ. ಜೂನದಾಗ ಮೊದಲನೇ ಸಲ ಕರೆಂಟ್ ಹೋಗಿ ಖರೇನ ಕೆಟ್ಟಿತ್ತು. ಅವತ್ತು ಬುಧವಾರ. ನೀವು ಏನಂದ್ರಿ?"

"ಸೋಮವಾರ ಸೂಟಿ ಐತಿ, ಆವಾಗ ಬರ್ತೀನಿ ಅಂದೆ."

"ಐದ ದಿನ ದಾರಿ ಕಾದ್ಲು. ಆಮ್ಯಾಲೆ ಮೂರು ಸಲ ಕೆಟ್ಟಿದ್ದೂ ಸೋಮವಾರ ಮುಂಜಾನೆನ. ಅವತ್ತ ಹೇಳಿದ್ರ ಅವತ್ತ ಬರ್ತೀರಿ."

ವೈರು ಬಿಚ್ಚುತ್ತಿದ್ದ ಕೈ ನಿಂತಿತು.

"ಅಳಿಸೂಕಿಂತ ಮೊದಲ ಊರು ಜ್ವಾಕಿ ಮಾಡ್ಯಾರ. ಆ ಊರಿನ ಮ್ಯಾಲೆ ಅಷ್ಟು ಜೀವ ಯಾರದು? ಆಜ್ಞೆ ಬರದಾರ. ನೀವು ಬಂದಾಗ ಒಂದೊಂದ ಅಕ್ಷರ ಹೇಳಿ ಯಾರ ಕೈಲೆ ಟೈಪು ಮಾಡಸ್ತಿದ್ರಿ? ಪೆನ್ಸಿಲ್ ಮುರದ್ರ ಅಳೂ ಹುಡುಗಿ, ಆಟ ಹೋತು ಅಂದ್ರ ಒಂದು ಹನಿ ಕಣ್ಣೀರ ಹಾಕಲಿಲ್ಲ. ನಾ ರೊಟ್ಟಿ ಗಡಿಬಿಡಿಯೊಳಗ ಅದನ್ನ ನೋಡಲೇ ಇಲ್ಲ."

ಹೀನಾ ತಲೆ ಎತ್ತಲಿಲ್ಲ. ಅವಳ ಹೆಗಲ ಮೇಲೆ ಕೈಯಿಟ್ಟೆ.

ಶಾಹೀದ ಗೋಣಿಚೀಲದ ಮೇಲೆಯೇ ಕೂತರು.

"ಲಿನಕ್ಸ್ ಯಾಕ ಹಾಕಿದ್ದೆ ಗೊತ್ತೈತೇನು?" ಅವರ ದನಿ ಸಣ್ಣದಾಯಿತು. "ಅದು ಕೆಡಬಾರದು, ನೀ ನನ್ನ ಕರೀಬೇಕಾಗಬಾರದು ಅಂತ. ಈ ಮನಿಗೆ ಬಂದು ಹೊಳ್ಳಿ ಹೋಗೂದು ನನಗ ಆಗ್ತಿದ್ದಿಲ್ಲ."

ಹೊರಗೆ ಚನ್ನವ್ವನ ಮನೆಯ ಕೊಡ ತುಂಬುವ ಸದ್ದು ಕೇಳುತ್ತಿತ್ತು.

"ಹೀನಾ," ಎಂದರು ಶಾಹೀದ, "ನನಗ ಒಂದ ಮಾತ ಹೇಳಬಾರದಾಗಿತ್ತೇನವಾ?"

ಅವಳು ಮೇಜಿನ ಕಾಲು ಬಿಟ್ಟಳು. ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಆಮೇಲೆ ಅಷ್ಟು ತಿಂಗಳು ನುಂಗಿಕೊಂಡಿದ್ದನ್ನು ಗಟ್ಟಿಯಾಗಿಯೇ ಕೇಳಿದಳು.

"ಅಬ್ಬಾ, ಏನೂ ಕೆಡದಿದ್ರೂ ಬರ್ತೀರೇನು?"