ಕಾರಿಗೆ ಜ್ವರ

ಬಾನೆಟ್ ಬಿಸಿಯಾಗಿತ್ತು.

ಪಿಳಿಪಿಳಿ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡಳು. ಯಾರಾದರೂ ನೋಡಿಬಿಟ್ಟರಾ ಅಂತ ತಲೆಯೆತ್ತಿದರೆ, ಲೆಕ್ಕದ ಮೇಷ್ಟ್ರು ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು.

"ನಿನ್ನೆ ಸಂಜೆಯಿಂದ ಗಾಡಿ ಮುಟ್ಟೇ ಇಲ್ಲ," ಎಂದು ಅವರು ಅಮ್ಮನಿಗೆ ಹೇಳುತ್ತಿದ್ದರು. "ನೀವು ಫೋನಲ್ಲಿ ಹೇಳಿದ್ರಲ್ಲ, ಹಾಗೇ ಶೆಡ್ಡಲ್ಲಿ ನಿಲ್ಲಿಸಿಟ್ಟಿದೀನಿ." ಮಾತು ಅಮ್ಮನ ಜೊತೆ, ಕಣ್ಣು ಮಾತ್ರ ಇವಳ ಮೇಲೆ.

ಹುಡುಗಿಯ ಕಣ್ಣು ಪಿಳಿಪಿಳಿ ಬಡಿಯತೊಡಗಿತು. ಹೆದರಿಕೆಯಾದರೆ ಅವಳ ಕಣ್ಣು ಹಾಗೇ. ಅದಕ್ಕೇ ಮನೆಯಲ್ಲಿ ಅವಳಿಗೆ ಆ ಹೆಸರು. ಶಾಲೆಯ ರಿಜಿಸ್ಟರಿನಲ್ಲಿ ಚೆಂದದ ಹೆಸರು ಇದೆ, ಆದರೆ ಆ ಹೆಸರಿನಿಂದ ಅವಳನ್ನು ಕರೆಯುವುದು ಈ ಮೇಷ್ಟ್ರು ಒಬ್ಬರೇ. ಅದೂ ಬೈಯುವುದಕ್ಕೆ.

ಅಮ್ಮ ನರ್ಸ್. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ ಬರುವುದು ಅವಳ ಕೆಲಸ. ದಿನವಿಡೀ ಸುತ್ತಾಟ. ಡಿಕ್ಕಿಯಲ್ಲಿ ಆಕ್ಸಿಜನ್ ಸಿಲಿಂಡರ್, ವಾಕರ್, ಮಡಚುವ ಗಾಲಿಕುರ್ಚಿ. ಹೊಸ ಕಾರು ಕೈಗೆಟುಕುವುದಿಲ್ಲ. ಹಳೆಯದೇ ಆಗಬೇಕು, ಡೀಸೆಲ್ ಆಗಬೇಕು, ಡಿಕ್ಕಿ ದೊಡ್ಡದಿರಬೇಕು, ಮತ್ತೆ ಮುಖ್ಯವಾಗಿ ದಾರಿಯಲ್ಲಿ ಕೈಕೊಡಬಾರದು.

ಮೊದಲಿನ ಕಾರು ಕೈಕೊಟ್ಟಿತ್ತು. ಅದೂ ಎಲ್ಲಿ? ಸೇತುವೆಯ ನಟ್ಟನಡುವೆ. ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತಾ ಹತ್ತಿರ ಹತ್ತಿರ ಬರುತ್ತಿತ್ತು. ಅಮ್ಮ ಕೀ ತಿರುಗಿಸುತ್ತಲೇ ಇದ್ದಳು, ಕಾರು ಗೊರ್ ಗೊರ್ ಅಂದು ಸುಮ್ಮನಾಗುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿದ್ದ ಪಿಳಿಪಿಳಿಗೆ ಲಾರಿಯ ಲೈಟು ಬಿಟ್ಟರೆ ಬೇರೇನೂ ಕಾಣಿಸಿರಲಿಲ್ಲ. ಲಾರಿ ಕಿರ್ರನೆ ಬ್ರೇಕ್ ಹಾಕಿ ನಿಂತಿತು, ನಿಜ. ಆದರೆ ಅವತ್ತಿನಿಂದ ಯಾವ ಕಾರು ಕೆಮ್ಮಿದರೂ ಅವಳ ಜೀವ ಬಾಯಿಗೆ ಬರುತ್ತದೆ.

ಆಮೇಲೆ ಅವರು ತುಂಬಾ ಕಾರು ನೋಡಿದರು. ಒಂದರ ನೆಲಕ್ಕೆ ತುಕ್ಕು. ಇನ್ನೊಂದರ ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ ಇತ್ತು, ಆದರೆ ಪೆಡಲ್ ಸವೆದು ನುಣ್ಣಗಾಗಿತ್ತು. ಆ ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದರು. ಇವತ್ತು ಮಾರಾಟಕ್ಕಿದ್ದ ಮೇಷ್ಟ್ರ ಕಾರು ನೋಡಲು ಅವರ ಮನೆಗೆ ಬಂದಿದ್ದರು.

ಪ್ರತಿ ಸಲವೂ ಅಮ್ಮ ಒಂದೇ ಮಾತು ಹೇಳುತ್ತಿದ್ದಳು. "ರೋಗಿ ಎದ್ದು ಓಡಾಡೋಕೆ ಮುಂಚೆ ಬಿಪಿ ನೋಡಬೇಕು. ಡೀಸೆಲ್ ಗಾಡಿನೂ ಹಾಗೇ. ತಣ್ಣಗಿರೋವಾಗ ಹೇಗೆ ಸ್ಟಾರ್ಟ್ ಆಗುತ್ತೆ ಅಂತ ನೋಡಬೇಕು. ಇಂಜಿನ್ ಬಿಸಿಯಾದ್ರೆ ಕಾಯಿಲೆಯೆಲ್ಲಾ ಮುಚ್ಚಿಟ್ಟುಬಿಡುತ್ತೆ."

ಅದಕ್ಕೇ ಪಿಳಿಪಿಳಿ ಬಾನೆಟ್ ಮುಟ್ಟಿ ನೋಡಿದ್ದು, ಅಮ್ಮ ರೋಗಿಗಳ ಹಣೆ ಮುಟ್ಟಿ ನೋಡುವ ಹಾಗೆ.

"ಮೇಷ್ಟ್ರ ಕಾರು ಅಂದ್ಮೇಲೆ ಎರಡು ಮಾತಿಲ್ಲ ಅಕ್ಕ. ಕಣ್ಣುಮುಚ್ಕೊಂಡು ತಗೋಬಹುದು," ಎಂದ ಮಾವ. ಮಾವ ಅಮ್ಮನ ತಮ್ಮ. ಅವನಿಗೆ ಕಾರಿನ ಬಗ್ಗೆ ಎಲ್ಲವೂ ಗೊತ್ತು, ಹಾಗಂತ ಅವನೇ ಹೇಳುತ್ತಾನೆ. ಯಾವ ಕಾರು ನೋಡಲು ಹೋದರೂ ಮೊದಲು ಟೈರಿಗೆ ಒಂದು ಒದೆ ಕೊಡುತ್ತಾನೆ. ಟೈರು ಅವನಿಗೆ ಏನು ಹೇಳುತ್ತದೋ ದೇವರೇ ಬಲ್ಲ.

ಅಮ್ಮ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. ಒಂದೇ ಏಟಿಗೆ ಸ್ಟಾರ್ಟ್. ಹೊಗೆಯ ಸುಳಿವೇ ಇಲ್ಲ.

"ನೋಡ್ದಾ!" ಮಾವ ತಾನೇ ಇಂಜಿನ್ ಮಾಡಿಸಿದವನಂತೆ ಎದೆಯುಬ್ಬಿಸಿದ.

ಅಮ್ಮನ ಮುಖ ಅರಳಿತು. ಎಷ್ಟು ದಿನವಾಗಿತ್ತು ಆ ಮುಖ ಅರಳದೆ. ಅದನ್ನು ನೋಡಿ ಪಿಳಿಪಿಳಿಗೆ ಇನ್ನಷ್ಟು ಹೆದರಿಕೆಯಾಯಿತು.

ಎಲ್ಲರೂ ಒಂದು ರೌಂಡ್ ಹೊರಟರು. ಅಮ್ಮನ ಪಕ್ಕದಲ್ಲಿ ಮೇಷ್ಟ್ರು, ಹಿಂದೆ ಮಾವ ಮತ್ತು ಪಿಳಿಪಿಳಿ. ಅವಳಿಗೆ ಎದುರಿಗೆ ಕಾಣುತ್ತಿದ್ದುದು ಮೇಷ್ಟ್ರ ಕುತ್ತಿಗೆ. ಅದನ್ನು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

ಹೇಳಲಾ? ಹೇಳಿದರೆ ಸೋಮವಾರ ಕ್ಲಾಸಿನಲ್ಲಿ ಏನು ಗತಿ? ಹೋಮ್‌ವರ್ಕ್ ಮನೆಯಲ್ಲಿ ಮರೆತೆ ಅಂತ ಸುಳ್ಳು ಹೇಳಿದ ಹುಡುಗನನ್ನು ಇದೇ ಮೇಷ್ಟ್ರು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸಿದ್ದರು. ಅಂಥವರ ಮುಖಕ್ಕೇ "ನೀವು ಸುಳ್ಳು ಹೇಳಿದ್ರಿ" ಅನ್ನುವುದಾ?

ಹೇಳದಿದ್ದರೆ? ಅಮ್ಮ ಈ ಕಾರು ತಗೋತಾಳೆ. ಯಾವತ್ತೋ ಒಂದು ದಿನ ಅದು ಸೇತುವೆಯ ಮೇಲೆ ನಿಲ್ಲುತ್ತದೆ. ಅವತ್ತು ಕಾರಿನಲ್ಲಿ ಅಮ್ಮ ಒಬ್ಬಳೇ ಇರುತ್ತಾಳೆ. ಹಿಂದಿನಿಂದ ಲಾರಿ ಬರುತ್ತದೆ. ಎಲ್ಲಾ ಲಾರಿಯೂ ಬ್ರೇಕ್ ಹಾಕುತ್ತದೆ ಅಂತ ಏನು ಗ್ಯಾರಂಟಿ?

ಮಾತು ಹೊರಬೀಳದಂತೆ ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಏನೇ, ವಾಂತಿ ಬರೋ ಹಾಗಿದ್ಯಾ?" ಎಂದು ಮಾವ ಕಿಟಕಿಯತ್ತ ಸರಿದ. "ನನ್ನ ಪ್ಯಾಂಟ್ ಇವತ್ತೇ ಇಸ್ತ್ರಿ ಮಾಡ್ಸಿದ್ದು."

ಅವಳು ಇಲ್ಲ ಎಂದು ತಲೆಯಾಡಿಸಿದಳು.

ಕಾರು ಶೆಡ್ಡಿಗೆ ವಾಪಸ್ ಬಂತು. ಅಮ್ಮ ಇಳಿದು ಬಾಗಿಲು ಹಾಕಿ, "ನಂಗೆ ಒಪ್ಪಿಗೆ ಮೇಷ್ಟ್ರೇ. ಇವತ್ತೇ ಅಡ್ವಾನ್ಸ್ ಕೊಟ್ಟುಬಿಡ್ತೀನಿ," ಎಂದು ಬ್ಯಾಗಿನ ಜಿಪ್ ಎಳೆದಳು. ಎಳೆದವಳು ಮಗಳ ಮುಖ ನೋಡಿ ನಿಂತಳು.

"ಯಾಕೆ ಕಣ್ಣು ಹಾಗೆ ಬಡೀತಿದೆ?"

ಮೇಷ್ಟ್ರು ಮತ್ತೆ ಪಿಳಿಪಿಳಿಯನ್ನೇ ದುರುಗುಟ್ಟಿ ನೋಡುತ್ತಿದ್ದರು. ಅವಳು ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡು, ನೆಲ ನೋಡುತ್ತಾ ಹೇಳಿದಳು.

"ಅಮ್ಮಾ, ಕಾರಿಗೆ ಜ್ವರ ಇತ್ತು. ನಾವು ಬಂದಾಗಲೇ ಇತ್ತು. ನಾನು ಮುಟ್ಟಿ ನೋಡ್ದೆ."

ಮಾವ ಹೊಟ್ಟೆ ಕುಣಿಸಿ ನಕ್ಕ. "ಬಿಸಿಲಿಗೆ ತಗಡು ಕಾಯಲ್ವೇನೇ ಪೆದ್ದಿ? ಅಲ್ವಾ ಮೇಷ್ಟ್ರೇ?"

"ಶೆಡ್ಡಲ್ಲಿತ್ತು ಮಾವ," ಎಂದಳು ಅವಳು. ತನ್ನ ದನಿ ತನಗೇ ಕೇಳಿಸಲಿಲ್ಲ.

ಮಾವನಿಗೂ ಕೇಳಿಸಲಿಲ್ಲ. ಮೇಷ್ಟ್ರು ಹೂಂ ಅಂದುಬಿಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಅವರು ಹೂಂ ಅನ್ನಲು ಬಾಯಿ ತೆರೆದಿದ್ದರು ಕೂಡ. ಅನ್ನಲಿಲ್ಲ. ಕನ್ನಡಕ ತೆಗೆದು ಶರ್ಟಿನ ಅಂಚಿನಲ್ಲಿ ಒರೆಸತೊಡಗಿದರು.

"ಬಿಸಿಲಲ್ಲ. ನಾನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದೆ," ಎಂದರು. "ಬೆಳಿಗ್ಗೆ ಹೊತ್ತು ಐದಾರು ಸಲ ಕೀ ತಿರುಗಿಸಬೇಕು. ಬಿಳಿ ಹೊಗೆ ಬರುತ್ತೆ. ಮೊನ್ನೆ ಬಂದೋರು ಅದನ್ನ ನೋಡಿ ಹಾಗೇ ಎದ್ದುಹೋದ್ರು. ನೀವೂ ಹೋಗ್ತೀರೇನೋ ಅಂತ ಭಯ ಆಯ್ತು."

ಮೇಷ್ಟ್ರಿಗೆ ಭಯ? ಪಿಳಿಪಿಳಿ ತಲೆಯೆತ್ತಿದಳು.

ಅಮ್ಮ ಬ್ಯಾಗಿನ ಜಿಪ್ ಹಾಕಿದಳು. ಔಷಧಿ ನುಂಗದ ರೋಗಿಗಳ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದಳು. "ಅಷ್ಟು ಆತುರ ಯಾಕೆ ಮೇಷ್ಟ್ರೇ? ಅದನ್ನಾದ್ರೂ ಸರಿಯಾಗಿ ಹೇಳಿ."

"ಕಣ್ಣು ಮಂಜಾಗ್ತಿದೆ. ಆಪರೇಷನ್ ಆಗಬೇಕು, ಆದ್ರೂ ಪೂರ್ತಿ ಸರಿಹೋಗಲ್ಲ ಅಂದಿದಾರೆ. ಹೋದ ತಿಂಗಳು ನಮ್ಮನೆ ಗೇಟಿಗೇ ಗುದ್ದಿದೆ. ಪಕ್ಕದ ಮನೆ ಮಗು ಅಲ್ಲೇ ನಿಂತಿತ್ತು, ನಂಗೆ ಕಾಣಿಸಿರಲಿಲ್ಲ. ಮಗುಗೆ ಏನೂ ಆಗಲಿಲ್ಲ. ಆದ್ರೆ ಈ ಗಾಡಿ ಕಣ್ಮುಂದೆ ಇದ್ರೆ ಮತ್ತೆ ಯಾವಾಗ ಓಡಿಸಿಬಿಡ್ತೀನೋ ಅಂತ ಹೆದರಿಕೆ." ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದರು. "ಸ್ಕೂಲಲ್ಲಿ ಯಾರಿಗೂ ಗೊತ್ತಿಲ್ಲ."

"ನಾಳೆ ಬೆಳಿಗ್ಗೆ ಬರ್ತೀವಿ," ಎಂದಳು ಅಮ್ಮ. "ಯಾರೂ ಮುಟ್ಟಬೇಡಿ. ಕೆಮ್ಮಲಿ ಪರವಾಗಿಲ್ಲ. ಕೆಮ್ಮೋದನ್ನೇ ನೋಡ್ತೀವಿ."

ಮರುದಿನ ಬೆಳಿಗ್ಗೆ ಬಾನೆಟ್ ತಣ್ಣಗೆ ಕೊರೆಯುತ್ತಿತ್ತು. ಅಮ್ಮ ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದಿದ್ದಳು. ಕೀ ಕೊಟ್ಟವರು ಮೇಷ್ಟ್ರ ಹೆಂಡತಿ. ಮೇಷ್ಟ್ರು ಹೊರಗೇ ಬರಲಿಲ್ಲ.

ಕಾರು ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿತು. ಪಿಳಿಪಿಳಿ ಕಿವಿ ಮುಚ್ಚಿಕೊಂಡಳು. ಕೊನೆಗೆ ಬುಸ್ಸನೆ ಬಿಳಿ ಹೊಗೆ ಬಿಟ್ಟು ಸ್ಟಾರ್ಟ್ ಆಯಿತು. ಮೆಕ್ಯಾನಿಕ್ ಆಯಿಲ್ ಮುಚ್ಚಳ ತೆಗೆದು ಇಣುಕಿ ನೋಡಿದ. "ಇಲ್ಲಿಂದ ಹೊಗೆ ಬರ್ತಿಲ್ಲ, ಇಂಜಿನ್ ಗಟ್ಟಿ ಇದೆ. ಹೀಟರ್ ಪ್ಲಗ್ ಹೋಗಿದಾವೆ, ಚಳೀಲಿ ಇಂಜಿನ್ನ ಬೆಚ್ಚಗೆ ಮಾಡೋವು ಅವೇ. ಹೊಸದು ಹಾಕಿದ್ರೆ ಕೆಮ್ಮು ನಿಲ್ಲುತ್ತೆ," ಎಂದ.

"ನಾನೂ ಅದೇ ಅಂದ್ಕೊಂಡೆ," ಎಂದ ಮಾವ.

ಪ್ಲಗ್ ಹಾಕಿಸಿದ ಮೇಲೆ ಮತ್ತೆ ತಣ್ಣಗಿರುವಾಗ ನೋಡಿ ತಗೊಳ್ಳುವುದು ಎಂದು ಅಮ್ಮ ಹೇಳಿಬಂದಳು. ಅಮ್ಮನಿಗೆ ನಿರಾಳ. ಪಿಳಿಪಿಳಿಗೆ ಮಾತ್ರ ಸೋಮವಾರ ಇನ್ನೂ ಬಾಕಿ ಇತ್ತು.

ಸೋಮವಾರ ಲೆಕ್ಕದ ಪೀರಿಯಡ್ ಬಂದೇಬಂತು. ಮೇಷ್ಟ್ರು ಒಳಗೆ ಬಂದು, ಎಂದಿನಂತೆ ಇಡೀ ಕ್ಲಾಸನ್ನು ದುರುಗುಟ್ಟಿ ನೋಡಿದರು. ಎಲ್ಲರೂ ಎಂದಿನಂತೆ ತೆಪ್ಪಗಾದರು. ಆ ನೋಟ ಪಿಳಿಪಿಳಿ ಕೂತಿದ್ದ ಮೂರನೇ ಬೆಂಚಿನಲ್ಲಿ ನಿಂತಿತು. ಮೇಷ್ಟ್ರು ಅವಳ ರಿಜಿಸ್ಟರಿನ ಹೆಸರು ಹಿಡಿದು ಕರೆದರು.

"ಬಾ ಇಲ್ಲಿ. ಐದನೇ ಲೆಕ್ಕ ಬೋರ್ಡ್ ಮೇಲೆ ಮಾಡು."

ಮುಗೀತು ನನ್ನ ಕತೆ ಅಂದುಕೊಂಡಳು. ಚಾಕ್‌ಪೀಸ್ ತಗೊಳ್ಳುವಾಗ ಮೆಲ್ಲಗೆ ಮೇಷ್ಟ್ರ ಮುಖ ನೋಡಿದಳು. ಅವರು ಕಣ್ಣು ಕಿರಿದು ಮಾಡಿ, ಹುಬ್ಬು ಗಂಟಿಕ್ಕಿ ಅವಳನ್ನೇ ನೋಡುತ್ತಿದ್ದರು. ಅದೇ ನೋಟ. ಆದರೆ ಅದು ಅವಳ ಮುಖದ ಮೇಲೆ ಇರಲಿಲ್ಲ, ಒಂಚೂರು ಆಚೆ, ಕಿವಿಯ ಹತ್ತಿರ ಎಲ್ಲೋ ಇತ್ತು. ಅವಳ ಮುಖ ಎಲ್ಲಿದೆ ಎಂದು ಅವರು ಹುಡುಕುತ್ತಿದ್ದರು.

ಹಾಗಾದರೆ ಅವತ್ತು ಶೆಡ್ಡಿನಲ್ಲೂ ಇಷ್ಟೇನಾ? ಬಾನೆಟ್ ಮೇಲೆ ಕೈ ಇಟ್ಟಿದ್ದು ಅವರಿಗೆ ಕಂಡೇ ಇರಲಿಲ್ಲವಾ? ಇಷ್ಟು ದಿನ ಇಡೀ ಕ್ಲಾಸು ಹೆದರಿ ನಡುಗುತ್ತಿದ್ದುದು ಈ ಹುಡುಕಾಟಕ್ಕಾ?

ಪಿಳಿಪಿಳಿ ಬೋರ್ಡಿನ ಕಡೆ ತಿರುಗಿದಳು. ಮೊದಲ ಅಂಕಿಯನ್ನು ದೊಡ್ಡದಾಗಿ ಬರೆದಳು. ಎರಡನೆಯದನ್ನು ಇನ್ನೂ ದೊಡ್ಡದಾಗಿ ಬರೆದಳು. ಬರೆಯುತ್ತಾ ಒಂದೊಂದನ್ನೂ ಗಟ್ಟಿಯಾಗಿ ಓದಿದಳು. ಹಿಂದಿನ ಬೆಂಚಿನವರು ಕಿಸಕ್ಕೆಂದರು.

"ಏನೇ ಇದು, ಒಂದೊಂದು ಅಂಕಿನೂ ಆನೆಮರಿ ಥರ ಇದೆ?" ಎಂದರು ಮೇಷ್ಟ್ರು. ಇಡೀ ಕ್ಲಾಸು ನಕ್ಕಿತು.

ಅವಳು ಹಿಂದೆ ತಿರುಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಅವಳ ಪಕ್ಕಕ್ಕೆ ಬಂದು, ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. "ಇರಲಿ. ಹಾಗೇ ಬರಿ."

ಅವಳ ಕಣ್ಣು ಬಡಿಯುವುದು ಯಾವಾಗ ನಿಂತಿತ್ತೋ ಅವಳಿಗೇ ಗೊತ್ತಾಗಲಿಲ್ಲ. ಉತ್ತರ ಬರೆಯಲು ಬೋರ್ಡಿನಲ್ಲಿ ಜಾಗ ಸಾಲಲಿಲ್ಲ. ಡಸ್ಟರ್ ತಗೊಂಡು ಮೂಲೆಯಲ್ಲಿದ್ದ ತಾರೀಖನ್ನು ಒರೆಸಿ, ಅಲ್ಲಿ ಬರೆದಳು.